ಮುಚ್ಚಬಾರದ ಬೀಜ

ಬೇಕರಿಯಮ್ಮನ ಮನೆಯಲ್ಲಿ ಕೇಳುವ ಪದ್ಧತಿ ಇರಲಿಲ್ಲ, ಮಾಡಿಬಿಡುವ ಪದ್ಧತಿ. ಯಾರದೋ ಲೋಟ ಖಾಲಿಯಾಗಿದ್ದು ಕಂಡರೆ ಬೇಕೋ ಬೇಡವೋ ಅನ್ನದೆ ಇನ್ನೊಬ್ಬರು ತುಂಬಿಬಿಡುತ್ತಿದ್ದರು. ಒಬ್ಬರು ಅರ್ಧ ಓದಿ ಕವುಚಿಟ್ಟ ಪತ್ರಿಕೆಯನ್ನು ಮತ್ತೊಬ್ಬರು ಮಡಚಿ ರದ್ದಿಗೆ ಹಾಕಿಬಿಡುತ್ತಿದ್ದರು. ಒಮ್ಮೆ ಯಜಮಾನರು ಗಡ್ಡಕ್ಕೆ ಸೋಪು ಬಳಿದುಕೊಂಡು ಬ್ಲೇಡು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮಗ ನೀರು ಚೆಲ್ಲಿ, ಕನ್ನಡಿ ಒರೆಸಿ, ಸ್ಟೂಲು ಎತ್ತಿಟ್ಟಿದ್ದ. ಬೈದದ್ದಕ್ಕೆ, "ಸಹಾಯ ಮಾಡಿದ್ರೂ ತಪ್ಪಾ ಅಪ್ಪ?" ಎಂದು ಮುಖ ಊದಿಸಿಕೊಂಡು ಹೋದ. ಯಜಮಾನರು ಅವತ್ತು ನೊರೆಮುಖದಲ್ಲೇ ಕೂತು ಮಗನನ್ನು ಸಮಾಧಾನ ಮಾಡಬೇಕಾಯಿತು.

ಮೇಲೆ ವಾಸ, ಕೆಳಗೆ ಬೇಕರಿ. ಬೀದಿಗೆ ಮುಖ ಮಾಡಿ ಗಾಜಿನ ಕಪಾಟು ಮತ್ತು ಗಲ್ಲಾ, ಅದರ ಹಿಂದೆ ಹಿಟ್ಟಿನ ಕೋಣೆ, ಅದರ ಹಿಂದೆ ಭಟ್ಟಿ. ಹಿಟ್ಟಿನ ಮೇಜಿಗೆ ಬೇಕರಿಯಮ್ಮ. ಭಟ್ಟಿಗೆ ಭಟ್ಟಿಯಣ್ಣ, ಅವನು ಸಂಬಂಧಿಯೇನಲ್ಲ, ಆದರೆ ಆ ಬಿಸಿಯಲ್ಲೇ ಬೆಂದು ಬೆಂದು ಮನೆಯವರಿಗಿಂತ ಹೆಚ್ಚು ಮನೆಯವನಾಗಿದ್ದ. ಬಿಸ್ಕತ್ತು ಕೇಕು ನೋಡಿಕೊಳ್ಳಲು ಮಗ. ಎಲ್ಲ ಕಡೆ ಓಡಾಡಿ ಎಲ್ಲರಿಗೂ ಬುದ್ಧಿ ಹೇಳಲು ಯಜಮಾನರು. ಗಲ್ಲಾದಲ್ಲಿ ಸೊಸೆ.

ಸೊಸೆ ಗಲ್ಲಾದಲ್ಲಿ ಕೂತದ್ದು ಇಷ್ಟಪಟ್ಟಲ್ಲ. ಅವಳಪ್ಪ ಬಸ್ಸು ರಿಪೇರಿಯವನು. ಗ್ರೀಸಿನ ವಾಸನೆಯಲ್ಲಿ ಬೆಳೆದ ಹುಡುಗಿಗೆ ಬ್ರೆಡ್ಡಿನ ವಾಸನೆಯೆಂದರೆ ಪ್ರಾಣ. ಮದುವೆಯಾಗಿ ಬಂದ ಹೊಸದರಲ್ಲೇ, "ನಾನು ನಿಮ್ಮ ಮಗನ್ನ ನೋಡಿ ಒಪ್ಪಿದ್ದಲ್ಲ ಅತ್ತೆ, ನಿಮ್ಮ ಹಿಟ್ಟಿನ ಮೇಜು ನೋಡಿ ಒಪ್ಪಿದ್ದು" ಎಂದಿದ್ದಳು. ಮಗ, "ಹಾಗಾದ್ರೆ ಅದನ್ನೇ ಕಟ್ಕೋಬೇಕಿತ್ತು" ಎಂದ. "ಅದು ಹ್ಞೂಂ ಅನ್ಲಿಲ್ಲ, ನೀವಂದ್ರಿ" ಎಂದಳು ಸೊಸೆ. ಬೇಕರಿಯಮ್ಮನಿಗೆ ಹುಡುಗಿ ಅಲ್ಲೇ ಹಿಡಿಸಿಬಿಟ್ಟಳು. ಅವರ ಮಣಿಕಟ್ಟು ಈಚೆಗೆ ಹಿಟ್ಟು ನಾದುವಾಗ ಕಟಕಟ ಅನ್ನುತ್ತಿತ್ತು. ತಮ್ಮ ನಂತರ ಈ ಮೇಜಿಗೆ ಯಾರು ಎಂಬ ಯೋಚನೆ ಆಗಾಗ ಬರುತ್ತಿತ್ತು. ಮಗನ ಕೈ ಸಿಹಿತಿಂಡಿಯದು, ಬ್ರೆಡ್ಡಿಗೆ ಬಾರದು. ಈ ಹುಡುಗಿ ಪಕ್ಕದಲ್ಲಿ ನಿಂತರೆ ಎಷ್ಟು ಚೆನ್ನ ಎಂದುಕೊಂಡಿದ್ದರು.

ಆದರೆ ಸೊಸೆ ಮೊದಲ ಸಲ ನಾದಿದ ಹಿಟ್ಟು ಏಳಲೇ ಇಲ್ಲ. ಭಟ್ಟಿಯಿಂದ ಹೊರಬಂದದ್ದು ಬ್ರೆಡ್ಡೋ ಹಂಚೋ ಎಂದು ಹೇಳುವುದು ಕಷ್ಟವಿತ್ತು. ಬಾಯಿಗಿಟ್ಟರೆ ಸಮುದ್ರವೇ ನಾಲಗೆಯ ಮೇಲೆ ಕೂತಂತೆ ಉಪ್ಪು. ಯಜಮಾನರು ಒಂದು ಚೂರು ಮುರಿಯಲು ನೋಡಿದರು, ಅದು ಮುರಿಯಲಿಲ್ಲ, ಹಾಗೇ ಕೆಳಗಿಟ್ಟರು. "ಬಿಡಮ್ಮ, ಕೆಲವರಿಗೆ ಕೈಗುಣ ಇರಲ್ಲ. ಅದಕ್ಕೆ ಯಾರೇನು ಮಾಡೋಕಾಗುತ್ತೆ? ಗಲ್ಲಾದಲ್ಲಿ ಕೂತ್ಕೋ" ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಬಾಯಿಗೆ ಬಂದದ್ದು ಅಂದರು ಅಷ್ಟೆ. ಆದರೆ ಕೈಗುಣವೆಂಬ ಮಾತು ಅಂಟುಪುರಳೆಯ ಹಾಗೆ, ಒಮ್ಮೆ ಸೀರೆಗೆ ಹತ್ತಿದರೆ ಕೊಡವಿದರೂ ಬೀಳದು. ಸೊಸೆ ಚಿಲ್ಲರೆ ತಪ್ಪಿದರೂ ಕೈಗುಣ, ಅವಳು ಇಟ್ಟ ಹಾಲು ಬಿಟ್ಟು ಬೆಕ್ಕು ಹೋದರೂ ಕೈಗುಣ.

ಎದುರು ಸಾಲಿನ ಬಟ್ಟೆ ಅಂಗಡಿಯಾಕೆ ಇದನ್ನೆಲ್ಲ ನೋಡುತ್ತಿದ್ದಳು. "ನನ್ನಂಗಡಿಗೆ ಬಂದುಬಿಡೇ. ಇಲ್ಲಿ ಬಟ್ಟೆ ಉಬ್ಬಬೇಕಾಗಿಲ್ಲ, ಅಳತೆ ಸರಿಯಿದ್ರೆ ಸಾಕು" ಎಂದು ಸೊಸೆಯನ್ನು ಕರೆದೂ ಇದ್ದಳು. ಸೊಸೆ ಒಲ್ಲೆ ಎಂದಿರಲಿಲ್ಲ.

ಹೀಗಿರುವಾಗ ಒಂದು ದಿನ ಅವಳು ಮೂಲೆಯ ಬೀಜದಂಗಡಿಯಿಂದ ಸಾಲ್ವಿಯಾ ಹೂವಿನ ಬೀಜದ ಪೊಟ್ಟಣ ತಂದಳು. ಪೊಟ್ಟಣದ ಮೇಲೆ ಕೆಂಡದಂಥ ಕೆಂಪು ಹೂಗೊಂಚಲಿನ ಚಿತ್ರ. ಬೇಕರಿಯ ಮುಂದೆ ಎರಡು ಉದ್ದನೆಯ ಮರದ ತೊಟ್ಟಿಗಳಿದ್ದವು. ಅವುಗಳಲ್ಲಿ ಆಗ ಬೆಳೆಯುತ್ತಿದ್ದದ್ದು ಬೀಡಿ ತುಂಡು ಮತ್ತು ಬಸ್ಸು ಟಿಕೀಟು.

"ಮಾವ, ಒಂದು ಮಾತು" ಎಂದಳು ಸೊಸೆ, ಎಲ್ಲರೂ ಚಹಾಕ್ಕೆ ಕೂತಿದ್ದಾಗ. "ಇದನ್ನ ನನ್ನ ಕೈಯಾರೆ ಬಿತ್ತುತ್ತೀನಿ. ಹುಟ್ಟಿ ಬೆಳೆದ್ರೆ ನನಗೆ ಹಿಟ್ಟಿನ ಮೇಜು ಕೊಡಬೇಕು. ಹುಟ್ಟದಿದ್ರೆ ನಾನೇ ಬಟ್ಟೆ ಅಂಗಡಿಗೆ ಹೋಗ್ತೀನಿ. ಆಮೇಲೆ ಕೈಗುಣದ ಮಾತು ಯಾರೂ ಆಡಬಾರದು."

ಯಜಮಾನರಿಗೆ ತಮಾಷೆ ಅನಿಸಿತು. "ಹೂವಿಗೂ ಬ್ರೆಡ್ಡಿಗೂ ಎತ್ತಣಿಂದೆತ್ತ?"

"ಎರಡೂ ಏಳಬೇಕಲ್ಲ ಮಾವ, ಅದೇ ಸಂಬಂಧ."

"ಆಗ್ಲಿ. ಮಾತು ಅಂದ್ರೆ ಮಾತು."

ಬೇಕರಿಯಮ್ಮನ ಕೈಲಿದ್ದ ಲೋಟ ಅಲ್ಲೇ ನಿಂತಿತು. ಅಲ್ಲ, ಇಷ್ಟು ದೊಡ್ಡ ವಿಷಯವನ್ನು ಇಷ್ಟು ಸಣ್ಣ ಕಾಳಿಗೆ ಕಟ್ಟಿಬಿಡುವುದೇ? ಆದರೆ ಮಾತು ಬಾಯಿಂದ ಹೊರಟಾಗಿತ್ತು.

ಸೊಸೆ ಅಚ್ಚುಕಟ್ಟಿನವಳು. ಹಳೆಯ ಬ್ರೆಡ್ಡಿನ ಟ್ರೇಗೆ ಮೊಳೆಯಿಂದ ತೂತು ಹೊಡೆದಳು. ಮರಳು, ಎಲೆಗೊಬ್ಬರ ಬೆರೆಸಿದ ಮಣ್ಣು ತುಂಬಿ ನೀರುಣಿಸಿದಳು. ಬೀಜಗಳನ್ನು ಮೇಲೆ ಉದುರಿಸಿ, ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿದಳು. ಮೇಲೊಂದು ಗಾಜಿನ ಹಲಗೆ ಮುಚ್ಚಿ, ಭಟ್ಟಿಯ ಪಕ್ಕದ ಕಿಟಕಿಕಟ್ಟೆಯ ಮೇಲಿಟ್ಟಳು. ಅಲ್ಲಿ ಹಗಲೆಲ್ಲ ಬೆಳಕು, ಗೋಡೆಗೆ ಹದವಾದ ಬಿಸಿ. "ಯಾರೂ ಗಾಜು ಎತ್ತಬೇಡಿ, ಒಳಗಿನ ಹಬೆ ಹೋಗುತ್ತೆ" ಎಂದಳು. ಬೀಜದ ಮೇಲೆ ಮಣ್ಣು ಯಾಕೆ ಹಾಕಿಲ್ಲ ಎಂದು ಅವಳೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹೇಳಿದೆನಲ್ಲ, ಆ ಮನೆಯಲ್ಲಿ ಕೇಳುವ ಪದ್ಧತಿ ಇರಲಿಲ್ಲ.

ಆದರೆ ಬೇಕರಿಯಮ್ಮ ನೋಡಿದ್ದರು. ಬೀಜಗಳು ಬರಿಮೈಯಲ್ಲಿ ಮಲಗಿದ್ದವು.

ಹಿಟ್ಟಿನವರಿಗೆ ಒಂದು ನಿಯಮವಿದೆ: ಏಳಬೇಕಾದದ್ದನ್ನು ಬರಿಮೈಯಲ್ಲಿ ಬಿಡಬಾರದು. ನಾದಿದ ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಬೇಕು, ಗಾಳಿ ಬೆಳಕು ತಾಗದಂತೆ ಮೂಲೆಯಲ್ಲಿಡಬೇಕು, ಆಗಲೇ ಅದು ಉಬ್ಬುವುದು. ಹಿಟ್ಟಿರಲಿ, ಮಗ ಸಣ್ಣವನಿದ್ದಾಗ ಜ್ವರ ಬಂದರೂ ಬೇಕರಿಯಮ್ಮ ಮೊದಲು ಮಾಡುತ್ತಿದ್ದದ್ದು ಹೊದಿಸುವುದೇ. ಕೈ ತಾನಾಗಿ ಹೊದಿಕೆಗೆ ಹೋಗುತ್ತಿತ್ತು. ಪಾಪ, ಹುಡುಗಿ ಮರೆತಿದ್ದಾಳೆ ಎಂದುಕೊಂಡರು. ಎಲ್ಲರೆದುರು ಹೇಳಿದರೆ ಮತ್ತೆ ಯಜಮಾನರು ಕೈಗುಣದ ರಾಗ ತೆಗೆಯುತ್ತಾರೆ. ಅವಳಿಗೇ ಹೇಳೋಣವೆಂದರೆ ಮುಖ ಸಣ್ಣದಾಗುತ್ತದೆ. ಸದ್ದಿಲ್ಲದೆ ಮಾಡಿಬಿಟ್ಟರೆ ಆಯಿತಲ್ಲ.

ಮಧ್ಯಾಹ್ನದ ಬ್ರೆಡ್ಡು ಇಳಿದ ಮೇಲೆ ಬೇಕರಿ ಒಂದಿಷ್ಟು ಹೊತ್ತು ತೂಕಡಿಸುತ್ತದೆ. ಆ ಹೊತ್ತಿನಲ್ಲಿ ಬೇಕರಿಯಮ್ಮ ಸಣ್ಣ ಜರಡಿ ಸೆರಗಿನಲ್ಲಿ ಮುಚ್ಚಿಕೊಂಡು ಭಟ್ಟಿಯ ಕಡೆ ಹೋದರು. ಗಾಜು ಎತ್ತಿ, ಕೇಕಿನ ಮೇಲೆ ಸಕ್ಕರೆ ಪುಡಿ ಉದುರಿಸುವ ಹಾಗೆ, ಬೀಜದ ಮೇಲೆ ನುಣ್ಣಗೆ ಮಣ್ಣು ಉದುರಿಸಿದರು. ನೀರು ಹನಿಸಿ, ಗಾಜು ಮತ್ತೆ ಮುಚ್ಚಿದರು. "ಬೆಚ್ಚಗೆ ಮಲಗ್ರಪ್ಪ" ಎಂದು ಬೀಜಗಳಿಗೆ ಹೇಳಿ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಬಂದು ಮೇಜಿನ ಮುಂದೆ ನಿಂತರು.

ಅದೇ ವಾರದಲ್ಲಿ ಒಂದು ಸಂಜೆ ಚಹಾ ಯಾಕೋ ಮಣ್ಣಿನ ವಾಸನೆ ಹೊಡೆಯಿತು. "ಸೋಸುವ ಜಾಲರಿ ಸರಿಯಾಗಿ ತೊಳೆದಿಲ್ವಾ?" ಎಂದು ಯಜಮಾನರು ಗುಡುಗಿದರು. ಮಗ ಚಹಾ ಒಂದೇ ಗುಟುಕಿಗೆ ಕುಡಿದು, "ನನಗೇನೂ ಗೊತ್ತಾಗ್ಲಿಲ್ಲಪ್ಪ" ಎಂದು ಎದ್ದು ಹೋದ.

ಗಾಜಿನೊಳಗೆ ಹಬೆ ಕಟ್ಟಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಸೊಸೆ ಬೆಳಿಗ್ಗೆ ಸಂಜೆ ಬಂದು ಅದರ ಮೇಲೆ ಬಗ್ಗಿ ನಿಲ್ಲುತ್ತಿದ್ದಳು. ಬೀಜ ನೀರಿಗೆ ಕೆಳಗಿಳಿದಿರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮೊಳಕೆಯ ಸುಳಿವಿಲ್ಲ. ಮೊದಲ ವಾರ ಯಜಮಾನರು, "ಏನಮ್ಮ, ಕಾಡು ಬೆಳೀತಾ?" ಎಂದು ನಗೆಯಾಡಿದರು. ಎರಡನೆಯ ವಾರ ದಾಟಿದ ಮೇಲೆ ಅವರೂ ಕೇಳುವುದನ್ನು ಬಿಟ್ಟರು. ಅವರ ಮುಖದಲ್ಲೇ ಏನೋ ಅಪರಾಧದ ಕಳೆ. ಬಟ್ಟೆ ಅಂಗಡಿಯಾಕೆ ರಸ್ಕಿಗೆ ಬಂದಾಗ ಸೊಸೆ ತಾನಾಗಿಯೇ, "ಕೆಲಸ ಇನ್ನೂ ಖಾಲಿ ಇದೆಯಾ?" ಎಂದು ಕೇಳಿದ್ದು ಹಿಟ್ಟಿನ ಕೋಣೆಗೂ ಕೇಳಿಸಿತು. ಬೇಕರಿಯಮ್ಮನ ಕೈಯ ಹಿಟ್ಟು ಮೇಜಿಗಂಟಿಕೊಂಡಿತು.

ಅವತ್ತೇ ಅವರು ಚಪ್ಪಲಿ ಮೆಟ್ಟಿಕೊಂಡು ಬೀಜದಂಗಡಿಗೆ ಹೋದರು. ಬೀಜದಂಗಡಿಯವನು ದಪ್ಪ ಮೀಸೆಯ, ತೆಳು ದನಿಯ ಮನುಷ್ಯ. ಮಾತಿಗೆ ಸಿಕ್ಕರೆ ಬಿಡುವವನಲ್ಲ.

"ಸಾಲ್ವಿಯಾ ಹುಟ್ಟೋಕೆ ಎಷ್ಟು ದಿನ ಬೇಕಪ್ಪ?"

"ಬೆಚ್ಚಗಿದ್ರೆ ಎರಡು ವಾರ ಸಾಕಮ್ಮ. ನಿಮ್ಮ ಸೊಸೆಗೆ ಎಲ್ಲಾ ಹೇಳಿ ಕಳಿಸಿದ್ದೀನಲ್ಲ. ಹುಟ್ಲಿಲ್ವಾ?"

"ಇಲ್ಲ. ಮಣ್ಣು ಚೆನ್ನಾಗೇ ಇದೆ, ನೀರೂ ಇದೆ, ಬೀಜಕ್ಕೆ ಹೊದಿಕೆನೂ ಹದವಾಗಿ..."

"ಹೊದಿಕೆನಾ?" ಅವನ ಮೀಸೆ ಮೇಲೇರಿತು. "ಯಾರು ಹೊದಿಸಿದ್ದು?"

"ಯಾರೋ ಒಬ್ಬರು."

"ಅಯ್ಯೋ ಅಮ್ಮ! ಅದಕ್ಕೆ ಬೆಳಕು ಬೇಕು. ಕಣ್ಣಿಗೆ ಬಿಸಿಲು ಬಿದ್ರೆ ಏಳೋ ಜಾತಿ ಅದು. ಮುಖದ ಮೇಲೆ ಕಂಬಳಿ ಎಳೆದ್ರೆ ಮಲಗೇ ಇರುತ್ತೆ. ಮಣ್ಣು ಮುಚ್ಚಬೇಡಿ, ಬರೀ ಒತ್ತಿ ಬಿಡಿ ಅಂತ ನಾನೇ ನಿಮ್ಮ ಸೊಸೆಗೆ ಹೇಳಿದ್ದೆ. ಅವಳು ಹೊದಿಸಿರಲ್ಲ. ಯಾರು ಆ ಪುಣ್ಯಾತ್ಮರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಬೇಕರಿಯಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. ಕೈಯಲ್ಲಿ ಮಣ್ಣೇನೂ ಇರಲಿಲ್ಲ.

"ಈಗ ಏನು ಮಾಡಬೇಕು?"

"ಹಳೇದನ್ನ ಮರೆತುಬಿಡಿ. ಅದರ ಮೇಲೇ ಹೊಸ ಬೀಜ ಉದುರಿಸಿ, ಒತ್ತಿ, ನೀರು ಹನಿಸಿ. ಕೆಂಪು ಇದೊಂದೇ ಪೊಟ್ಟಣ ಉಳಿದಿದೆ, ತಗೊಳ್ಳಿ."

"ನಾನು ಬಂದಿದ್ದೆ ಅಂತ ಯಾರಿಗೂ..."

"ನನ್ನ ಬಾಯಿ ಹೊಲಿದ ಚೀಲ ಅಮ್ಮ."

ಮರುದಿನ ಮಧ್ಯಾಹ್ನ ಬೇಕರಿ ತೂಕಡಿಸುವ ಹೊತ್ತಿಗೆ ಬೇಕರಿಯಮ್ಮ ಮತ್ತೆ ಕಿಟಕಿಯ ಬಳಿ ನಿಂತಿದ್ದರು. ಬೆರಳ ತುದಿ ಒದ್ದೆ ಮಾಡಿಕೊಂಡು ಒಂದೊಂದೇ ಬೀಜ ಎತ್ತಿ, ಸಾಲು ತಪ್ಪದಂತೆ ಊರಿದರು. ಕೈ ಹೊದಿಕೆಗೆ ತವಕಿಸಿತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಈಚೆ ಬಂದರು. ಬರುವಾಗ ಬಾಗಿಲಲ್ಲಿ ಭಟ್ಟಿಯಣ್ಣ ಎದುರಾದ. "ಏನಕ್ಕಾ, ಇಲ್ಲಿ?" ಎಂದ. "ಬೆಕ್ಕು ಬಂದಿತ್ತು" ಎಂದರು. "ಹೌದಾ? ನಾನೂ ಬೆಕ್ಕು ನೋಡೋಕೇ ಬಂದೆ" ಎಂದ ಅವನು, ಕೈ ಬೆನ್ನ ಹಿಂದೆ ಇಟ್ಟುಕೊಂಡು.

ಆಮೇಲೆ ಒಂದು ಬೆಳಿಗ್ಗೆ ಸೊಸೆಯ ಕೂಗು ಮಹಡಿಯವರೆಗೂ ಕೇಳಿಸಿತು. ಯಾರಿಗೋ ಸುಟ್ಟಿತೇನೋ ಎಂದು ಎಲ್ಲರೂ ಓಡಿಬಂದರು. ಟ್ರೇ ತುಂಬ ಹಸಿರು! ಹುಟ್ಟಿದ್ದು ಒಂದೆರಡಲ್ಲ. ಹೃದಯದಾಕಾರದ ಜೋಡಿ ಎಲೆಗಳು ಒಂದರ ಮೇಲೊಂದು ಬಿದ್ದು, ಸಂತೆಯ ಬಸ್ಸಿನ ಬಾಗಿಲಲ್ಲಿ ಜನ ನಿಂತಂತೆ ನಿಂತಿದ್ದವು. ಮಣ್ಣೇ ಕಾಣುತ್ತಿರಲಿಲ್ಲ. ಸೊಸೆ ನಗುತ್ತಲೂ ಇದ್ದಳು, ಮೂಗೊರೆಸಿಕೊಳ್ಳುತ್ತಲೂ ಇದ್ದಳು.

"ನೋಡಿದ್ರಾ ಕೈಗುಣ!" ಎಂದರು ಬೇಕರಿಯಮ್ಮ, ಎಲ್ಲರಿಗಿಂತ ಮೊದಲು.

"ಅದೇ ಅಂದೆ, ಕೈಗುಣ ಅಂದ್ರೆ ಇದು!" ಎಂದ ಮಗ.

"ನನ್ನ ಜನ್ಮದಲ್ಲಿ ಇಂಥ ಕೈ ನೋಡಿಲ್ಲ" ಎಂದ ಭಟ್ಟಿಯಣ್ಣ.

ಯಜಮಾನರು ಮೀಸೆಯಡಿ ನಗುತ್ತ, "ಒಪ್ಪಿದೆ" ಎಂದರು. ಆದರೆ ಅವರಿಗೆ ಚೌಕಾಸಿ ಮಾಡದೆ ಯಾವುದನ್ನೂ ಕೊಟ್ಟು ಅಭ್ಯಾಸವಿಲ್ಲ. "ಹುಟ್ಟಿ ಬೆಳೆದ್ರೆ ಅಂತ ಮಾತು. ಹುಟ್ಟಿದ್ದಾಯ್ತು. ಬೆಳೀಲಿ, ಸಸಿ ಗಟ್ಟಿಯಾಗ್ಲಿ. ಆಮೇಲೆ ಮೇಜು ನಿಂದೇ."

ಎಲ್ಲರೂ ಸ್ವಲ್ಪ ಹೆಚ್ಚೇ ಖುಷಿಯಾಗಿದ್ದಾರೆ ಎಂದು ಬೇಕರಿಯಮ್ಮನಿಗೆ ಅನ್ನಿಸಿತು. ಇಷ್ಟೊಂದು ಬೀಜ ತಾನು ಹಾಕಿದ್ದೆನೇ ಎಂದೂ ಅನ್ನಿಸಿತು. ವಯಸ್ಸಾಯಿತು, ಕಣ್ಣಿನ ಅಂದಾಜು ತಪ್ಪಿರಬೇಕು ಎಂದುಕೊಂಡು ಸುಮ್ಮನಾದರು.

ಇಕ್ಕಟ್ಟಿಗೆ ಒಂದು ಮೂಲೆಯ ಸಸಿಗಳು ಬುಡ ಕೊಳೆತು ಮಲಗಿದವು. ಸೊಸೆ ಗಾಜು ತೆಗೆದು ಗಾಳಿಯಾಡಲು ಬಿಟ್ಟಳು. ಉಳಿದವುಗಳನ್ನು ಚಮಚದ ಹಿಡಿಯಿಂದ ಒಂದೊಂದಾಗಿ ಎಬ್ಬಿಸಿ, ಕಾಂಡ ಮುಟ್ಟದೆ ಎಲೆ ಹಿಡಿದು, ಬಿಸ್ಕತ್ತಿನ ಡಬ್ಬಿ, ಒಡೆದ ಬಟ್ಟಲು, ಬಳಕೆ ತಪ್ಪಿದ ಬ್ರೆಡ್ಡಿನ ಅಚ್ಚು, ಏನು ಸಿಕ್ಕಿತೋ ಅದರಲ್ಲೆಲ್ಲ ನೆಟ್ಟಳು. ಸಸಿ ಮುಗಿಯುತ್ತಲೇ ಇರಲಿಲ್ಲ. ಕಿಟಕಿಕಟ್ಟೆ ತುಂಬಿ, ಮೆಟ್ಟಿಲು ತುಂಬಿ, ಗಲ್ಲಾದ ಮೇಲೂ ಸಾಲು ನಿಂತಿತು. ಸಾಲ್ವಿಯಾ ಆತುರದ ಗಿಡವಲ್ಲ. ನಿಧಾನವಾಗಿ ಎರಡನೆಯ ಜೋಡಿ ಎಲೆ ಬಿಟ್ಟಿತು, ಇನ್ನೂ ನಿಧಾನವಾಗಿ ಮೂರನೆಯದು. ಸೊಸೆ ಆ ದಿನಗಳಲ್ಲಿ ಗಿರಾಕಿಗಳ ಜೊತೆ ಹಾಡಿದಂತೆ ಮಾತಾಡುತ್ತಿದ್ದಳು. ಬಟ್ಟೆ ಅಂಗಡಿಯಾಕೆ, "ನಿನ್ನ ಮನಸ್ಸು ಬದಲಾಯ್ತು ಬಿಡು" ಎಂದು ರಸ್ಕು ಕಚ್ಚಿಕೊಂಡು ಹೋದಳು. ಬರುವ ಸೋಮವಾರದಿಂದ ಹಿಟ್ಟಿನ ಮೇಜು ಎಂದು ಮಾತಾಯಿತು. ಬೇಕರಿಯಮ್ಮ ತಮ್ಮ ಹಳೆಯ ಏಪ್ರನ್ನಿನ ದಾರ ಬದಲಾಯಿಸಿ, ಒಗೆದು, ಸೊಸೆಗೆ ಕೊಟ್ಟರು. ಅವಳು ಆಗಲೇ ಕಟ್ಟಿಕೊಂಡು ಗಲ್ಲಾದಲ್ಲಿ ಕೂತಳು.

ಬೀಜದಂಗಡಿಯವನು ಬನ್ನು ಕೊಳ್ಳಲು ಬಂದದ್ದು ಅವತ್ತೇ ಸಂಜೆ. ಮೆಟ್ಟಿಲ ಮೇಲಿನ ಡಬ್ಬಿಗಳನ್ನು ನೋಡಿ ಅವನ ಕಣ್ಣು ಅರಳಿತು.

"ಭಲೇ! ಎಲ್ಲಾ ಹುಟ್ಟಿಬಿಟ್ಟಿದೆ. ಇನ್ನು ತಡ ಮಾಡಬೇಡಮ್ಮ, ಕುಡಿ ಚಿವುಟು. ಮೂರು ಜೋಡಿ ಎಲೆ ಆದಮೇಲೆ ತುದಿ ಚಿವುಟಿದ್ರೆ ಪಕ್ಕದಲ್ಲಿ ರೆಂಬೆ ಬರುತ್ತೆ. ಇಲ್ಲಾಂದ್ರೆ ಒಂಟಿ ಕಡ್ಡಿ ಥರ ಬೆಳೆದು ಒಂದೇ ಗೊಂಚಲು."

"ಸರಿ ಅಣ್ಣ. ಒಂದು ಕೇಳಬೇಕು. ಪೊಟ್ಟಣದಲ್ಲಿ ಚಿಟಿಕೆಯಷ್ಟು ಬೀಜ ಇತ್ತು. ಇಷ್ಟೊಂದು ಸಸಿ ಹೇಗೆ ಬಂತು?"

"ಒಂದು ಪೊಟ್ಟಣದಲ್ಲಿ ಎಲ್ಲಿ ಬರುತ್ತಮ್ಮ? ಐದು ಪೊಟ್ಟಣ ಅಲ್ವಾ?" ಎಂದ ಅವನು. ಹೊಲಿದ ಚೀಲದ ದಾರ ಅಲ್ಲಿಗೆ ಬಿಚ್ಚಿತು. "ನೀನೊಂದು, ನಿಮ್ಮ ಅತ್ತೆ ಒಂದು ಕೆಂಪು. ಆಮೇಲೆ ಮಾವ ಬಂದ್ರು, ಕೆಂಪು ಮುಗಿದಿತ್ತು, ನೇರಳೆ ಕೊಟ್ಟೆ. ನಿನ್ನ ಗಂಡ ಬಿಳಿ ಒಯ್ದ. ಭಟ್ಟಿಯವನಿಗೆ ಕೊನೆಗೆ ಎಲ್ಲಾ ಬಣ್ಣ ಕಲೆಸಿದ್ದು. ಎಲ್ಲರದ್ದೂ ಒಂದೇ ಮಾತು, ಯಾರಿಗೂ ಹೇಳಬೇಡಿ ಅಂತ. ನಾನೂ ಯಾರಿಗೂ ಹೇಳ್ಲಿಲ್ಲ ನೋಡು."

ಹೇಳಿದ ಮೇಲೆ ಅವನಿಗೇ ಅರಿವಾಯಿತು. ಬನ್ನಿನ ಪೊಟ್ಟಣ ಎದೆಗವುಚಿಕೊಂಡು, ಚಿಲ್ಲರೆಯನ್ನೂ ಕೇಳದೆ ಬೀದಿಗಿಳಿದ.

ಹಿಟ್ಟಿನ ಕೋಣೆಯ ಬಾಗಿಲಲ್ಲಿ ಬೇಕರಿಯಮ್ಮ, ಅವರ ಹಿಂದೆ ಭಟ್ಟಿಯಣ್ಣ, ಕೇಕಿನ ಕಪಾಟಿನ ಬಳಿ ಮಗ, ಮೆಟ್ಟಿಲ ಮೇಲೆ ಯಜಮಾನರು. ನಾಲ್ವರೂ ಇಂಗು ತಿಂದ ಮಂಗನ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡರು.

"ನೀನೂ ಬಿತ್ತಿದ್ಯಾ?" ಎಂದರು ಯಜಮಾನರು ಹೆಂಡತಿಯನ್ನು.

"ನೀವೂನಾ ರೀ?"

"ನಾನು ಮಣ್ಣು ಮುಚ್ಚಿಬಿಟ್ಟಿದ್ದೆ ಕಣೆ. ಬರಿಮೈಯಲ್ಲಿತ್ತು ಅಂತ. ಆಮೇಲೆ ಬೀಜದಂಗಡಿಯವನನ್ನ ಕೇಳಿದ್ರೆ ತಪ್ಪು ಅಂದ. ಅದಕ್ಕೆ..."

"ನಾನೂ ಮುಚ್ಚಿದ್ದೆ ಅಪ್ಪ" ಎಂದ ಮಗ, ತಲೆ ತಗ್ಗಿಸಿ. "ಚಹಾ ಸೋಸೋ ಜಾಲರಿಯಲ್ಲಿ."

ಯಜಮಾನರು ಗಂಟಲು ಮುಟ್ಟಿಕೊಂಡರು. ಭಟ್ಟಿಯಣ್ಣ, "ನಾನು ಒಂದು ಹಿಡಿ ಬೂದಿ ಹಾಕಿದ್ದೆ, ಬೆಚ್ಚಗಿರಲಿ ಅಂತ" ಎಂದ. "ನಾನು ಹಿಟ್ಟಿನ ಜರಡಿಯಲ್ಲಿ" ಎಂದರು ಬೇಕರಿಯಮ್ಮ. ನಾಲ್ಕು ಪ್ರೀತಿಯ ಹೊದಿಕೆಗಳಡಿ ಆ ಬೀಜಗಳು ಉಸಿರು ಕಟ್ಟಿದ್ದವು.

ಸೊಸೆ ನಗುತ್ತಾಳೆ ಎಂದು ಮಗ ಕಾದ. ಅವಳು ನಗಲಿಲ್ಲ. ಏಪ್ರನ್ನಿನ ಗಂಟು ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ಮಡಚಿದಳು.

"ನನ್ನ ಬೀಜ ತಳದಲ್ಲಿ ಕೊಳೀತು. ಹುಟ್ಟಿದ್ದು ಒಂದೂ ನಂದಲ್ಲ. ಪಂದ್ಯ ನಾನು ಗೆದ್ದಿಲ್ಲ ಮಾವ. ಸೋಮವಾರದಿಂದ ಬಟ್ಟೆ ಅಂಗಡಿ."

"ಅಯ್ಯೋ, ಅದೆಂಥ ಮಾತಮ್ಮ? ನಾವೇ ಕೆಡಿಸಿದ್ದಲ್ವಾ?"

"ಕೆಡಿಸಿದವರೂ ನೀವೇ, ಗೆಲ್ಲಿಸಿದವರೂ ನೀವೇ. ನನ್ನ ಕೈ ಎಲ್ಲಿ ಬಂತು ಇದರಲ್ಲಿ? ಅಯ್ಯೋ ಪಾಪ ಅಂತ ಕೊಟ್ಟ ಮೇಜು ನನಗೆ ಬೇಡ."

ಏಪ್ರನ್ನು ಗಲ್ಲಾದ ಮೇಲೆ ಕೂತಿತು. ಅಷ್ಟು ಚೊಕ್ಕವಾಗಿ ಮಡಚಿದ ಆ ಬಟ್ಟೆಯ ಮೇಲೆ ಬೇಕರಿಯಮ್ಮ ಕೈಯಿಟ್ಟರು. ಹುಡುಗಿ ಹೇಳಿದ್ದು ಸುಳ್ಳಲ್ಲ. ಬೀಜದಲ್ಲಿ ಅವಳ ಕೈಯೇ ಉಳಿದಿರಲಿಲ್ಲ, ಎಲ್ಲರ ಕೈಯಡಿ ಮುಚ್ಚಿಹೋಗಿತ್ತು. ಹಾಗಾದರೆ... ಅವರಿಗೆ ಥಟ್ಟನೆ ಅವತ್ತಿನ ಹಿಟ್ಟಿನ ನೆನಪಾಯಿತು. ಸೊಸೆ ನೀರು ತರಲು ಹೋಗಿದ್ದಾಗ ಹಿಟ್ಟಿನ ತುಣುಕು ನಾಲಗೆಗಿಟ್ಟು ನೋಡದೆಯೇ, ಹೊಸಬಳು ಮರೆತಿರುತ್ತಾಳೆ ಎಂದು ತಾವು ಮಾಡಿದ್ದೇನು? ಇಷ್ಟು ದಿನ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಹಿಟ್ಟಿನ ಮುಂದೆ ಹಾದುಹೋಗುವಾಗ ಒಂದು ಚೂರು ಏನಾದರೂ ಹಾಕುವುದು ಅವರಿಗೆ ಉಸಿರಾಡಿದಷ್ಟೇ ಸಹಜ.

"ಇರು ಮಗಳೇ" ಎಂದರು. "ಆ ಮೊದಲನೇ ಹಿಟ್ಟು ಇತ್ತಲ್ಲ, ಹಂಚಿನ ಥರ ಆಗಿದ್ದು. ಅದಕ್ಕೆ ನೀನು ಉಪ್ಪು ಹಾಕಿದ್ಯಾ?"

"ಹಾಕಿದ್ದೆ ಅತ್ತೆ. ಅಳತೆ ಮಾಡಿ."

"ನಾನೂ ಒಂದು ಹಿಡಿ ಹಾಕಿದ್ದೆ."

ಯಜಮಾನರು ಕೆಮ್ಮಿದರು. "ನೀನು ಹಾಕಿದ್ಯಾ? ನನಗೆ ಹೇಳೋದಲ್ವೇನೇ? ನಾನೂ ಹಾಕಿದೆ."

"ನೀರು ತಣ್ಣಗಿದೆ ಅನ್ನಿಸ್ತು" ಎಂದ ಭಟ್ಟಿಯಣ್ಣ ನಿಧಾನವಾಗಿ. "ಕುದಿಯೋದು ಒಂದು ಚೊಂಬು ಸುರಿದೆ."

"ನೀರಾಗಿತ್ತಲ್ಲ" ಎಂದ ಮಗ. "ಅದಕ್ಕೆ ನಾನು ಹಿಟ್ಟು ಸೇರಿಸಿದೆ."

ಎರಡು ಹಿಡಿ ಹೆಚ್ಚಿನ ಉಪ್ಪು, ಕುದಿಯುವ ನೀರು. ಯೀಸ್ಟು ಬದುಕುವುದುಂಟೇ! ಸೊಸೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡರು ಬೇಕರಿಯಮ್ಮ. ಅವಳು ಗಲ್ಲಾಕ್ಕೆ ಹಣೆ ಆನಿಸಿ ನಕ್ಕಳು. ನಕ್ಕು ನಕ್ಕು ಕಣ್ಣೀರು ಬಂದು, ಅದನ್ನೊರೆಸಿಕೊಳ್ಳಲು ಏಪ್ರನ್ನನ್ನೇ ಎತ್ತಿಕೊಂಡಳು.

"ಸುಮ್ಮನಿರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ನೀವು ನಿಮ್ಮ ಮೈಮೇಲೂ ಬಿಟ್ಕೊಳ್ಳಲ್ಲ, ನನ್ನ ಮೈಮೇಲೇ ಬಿಡ್ತೀರಾ!"

"ಇವಳ ಕೈ ಇನ್ನೂ ಪರೀಕ್ಷೆಗೇ ಕೂತಿಲ್ಲ ರೀ" ಎಂದರು ಬೇಕರಿಯಮ್ಮ ಗಂಡನಿಗೆ. ಅವರ ದನಿಯಲ್ಲಿ ಅಪರೂಪದ ಗಟ್ಟಿತನವಿತ್ತು. "ಅದಕ್ಕೆ ಮುಂಚೆನೇ ನೀವು ಫೇಲು ಅಂದ್ರಿ. ನಾನೂ ಕೇಳ್ಕೊಂಡು ಸುಮ್ಮನಿದ್ದೆ."

ಯಜಮಾನರು ಮೆಟ್ಟಿಲಿಳಿದು ಬಂದರು. "ಹೌದು ಕಣಮ್ಮ" ಎಂದರು ಸೊಸೆಗೆ. "ಆ ಮಾತು ವಾಪಸ್ ತಗೊಂಡೆ."

"ವಾಪಸ್ ಬೇಡ ಮಾವ, ಪರೀಕ್ಷೆ ಬೇಕು" ಎಂದಳು ಸೊಸೆ. "ನಾಳೆ ಬೆಳಿಗ್ಗೆ ಒಂದು ಹಿಟ್ಟು ನಾನೊಬ್ಬಳೇ ನಾದ್ತೀನಿ. ಬಾಗಿಲಿಗೆ ಚಿಲಕ. ಬ್ರೆಡ್ಡಾದ್ರೆ ಇಲ್ಲಿರ್ತೀನಿ, ಹಂಚಾದ್ರೆ ಬಟ್ಟೆ ಅಂಗಡಿ. ಆಗ ಅದು ನನ್ನದೇ ಹಂಚು."

"ನಾವೇನು ಮಾಡೋದು ಅಲ್ಲಿವರೆಗೆ?" ಎಂದ ಮಗ, ಗಾಬರಿಯಿಂದ.

"ನಿಮ್ಮ ಕೈಗಳಿಗೂ ಕೆಲಸ ಇದೆ. ಕುಡಿ ಚಿವುಟಿ."

ಮರುದಿನ ಬೆಳಿಗ್ಗೆ ಬೇಕರಿಯ ಮುಂದಿನ ಕಟ್ಟೆಯ ಮೇಲೆ ನಾಲ್ವರೂ ಸಾಲಾಗಿ ಕೂತಿದ್ದರು. ಎದುರಿಗೆ ಡಬ್ಬಿಗಳು, ಬಟ್ಟಲುಗಳು, ಅಚ್ಚುಗಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು, ಜೊತೆಗೆ ಸೊಸೆಯ ದನಿ: "ತುದಿಯ ಎಳೇ ಎಲೆ ಮಾತ್ರ! ಕೆಳಗೆ ಎರಡು ಜೋಡಿ ಇರ್ಲಿ. ಒಬ್ಬರು ಚಿವುಟಿದ್ದನ್ನ ಇನ್ನೊಬ್ಬರು ಮುಟ್ಟಂಗಿಲ್ಲ!"

ಬೇಕರಿಯಮ್ಮ ಹೆಬ್ಬೆರಳು ತೋರುಬೆರಳ ನಡುವೆ ಮೊದಲ ಕುಡಿ ಹಿಡಿದರು. ಉಗುರು ತಾಗಿದ್ದೇ ತಡ, ಟಿಕ್ಕೆಂದು ಬಂತು. ಬೆರಳಿಗೆ ಹಸಿರು ಹತ್ತಿತು. ನೋವಾಯಿತೇನೋ ಎಂದು ಅವರೇ ಒಮ್ಮೆ ಕಣ್ಣು ಮುಚ್ಚಿದರು.

"ಅಪ್ಪ, ಅದು ಬೋಳಾಯ್ತು" ಎಂದ ಮಗ.

"ನಿನ್ನದನ್ನ ನೋಡ್ಕೋ."

"ಬುಡದವರೆಗೆ ಚಿವುಟಿಬಿಟ್ರೆ ಚಿಗುರೋದು ಹೇಗೆ?"

"ಮುಟ್ಟಂಗಿಲ್ಲ ಅಂದಿದ್ದಾಳೆ. ಮಾತಾಡೋದೂ ಮುಟ್ಟಿದ ಹಾಗೇನೇ" ಎಂದ ಭಟ್ಟಿಯಣ್ಣ, ತನ್ನ ಡಬ್ಬಿಯನ್ನು ಯಜಮಾನರ ಕೈಗೆಟುಕದಂತೆ ಅತ್ತ ಸರಿಸಿ.

ಒಳಗಿನಿಂದ ಹಿಟ್ಟು ಮೇಜಿಗೆ ಬೀಳುವ ಸದ್ದು ಬರತೊಡಗಿತು. ದಪ್, ದಪ್. ಬೇಕರಿಯಮ್ಮನ ಕಿವಿ ನೆಟ್ಟಗಾಯಿತು. ಮೊದಮೊದಲು ಸದ್ದಿನಲ್ಲಿ ಜಿಗುಟಿತ್ತು. ನೀರು ಒಂದು ಗುಟುಕು ಹೆಚ್ಚಾಯಿತು, ಇನ್ನೊಂದು ಮುಷ್ಟಿ ಹಿಟ್ಟು ಎರಚು ಎಂದು ಹೇಳಲು ಬಾಯಿ ತೆರೆದರು. ಮೂವರೂ ಅವರನ್ನೇ ನೋಡಿದರು. ಬಾಯಿ ಮುಚ್ಚಿಕೊಂಡು ಇನ್ನೊಂದು ಕುಡಿ ಚಿವುಟಿದರು. ಹೊತ್ತು ಹೋದಂತೆ ಸದ್ದು ತಾನೇ ಬಿಗಿಯಾಯಿತು, ದುಂಡಗಾಯಿತು. ಆಮೇಲೆ ನಿಂತೇಹೋಯಿತು.

ಈ ನಿಂತ ಹೊತ್ತೇ ಕಷ್ಟದ್ದು. ಕುಡಿಯೆಲ್ಲ ಚಿವುಟಿ ಮುಗಿದಿತ್ತು. ಯಜಮಾನರು ಎರಡು ಸಲ ಎದ್ದು ಎರಡು ಸಲ ಕೂತರು. ಬಟ್ಟೆ ಅಂಗಡಿಯಾಕೆ ಬೀಗ ತೆಗೆಯುತ್ತ, "ಏನ್ರೀ ಇದು, ಮನೆಯವರನ್ನೆಲ್ಲ ಹೊರಗೆ ಹಾಕಿದ್ದಾಳಾ?" ಎಂದು ಕೂಗಿದಳು. "ಹ್ಞೂಂ ಕಣಮ್ಮ, ಇವತ್ತು ಅವಳದೇ ದರ್ಬಾರು" ಎಂದರು ಬೇಕರಿಯಮ್ಮ. ಹೇಳಿದ್ದು ತಮಾಷೆಗೆ, ಆದರೆ ಕಣ್ಣು ಬಾಗಿಲ ಮೇಲೇ ಇತ್ತು. ಉಬ್ಬದಿದ್ದರೆ? ಹಿಟ್ಟಿಗೂ ಒಂದು ಮನಸ್ಸಿರುತ್ತದೆ. ತಾವೇ ಎಷ್ಟು ಸಲ ಸೋತಿಲ್ಲ?

ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆಯಿತು. ಮೂಗಿನ ತುದಿಗೆ ಹಿಟ್ಟು ಮೆತ್ತಿಕೊಂಡ ಸೊಸೆಯ ಮುಖ ಕಾಣಿಸಿತು. ಅದರಿಂದ ಏನೂ ತಿಳಿಯುವಂತಿರಲಿಲ್ಲ.

"ಒಬ್ಬರು ಬರಬಹುದು. ಅತ್ತೆ, ನೀವು. ಕೈ ಹಿಂದೆ ಕಟ್ಕೊಂಡು ಬನ್ನಿ."

ಬೇಕರಿಯಮ್ಮ ಸ್ಕೂಲಿಗೆ ತಡವಾಗಿ ಬಂದ ಹುಡುಗಿಯ ಹಾಗೆ ಕೈ ಹಿಂದೆ ಕಟ್ಟಿಕೊಂಡು ಒಳಗೆ ಹೋದರು. ಮೇಜಿನ ಮೇಲೆ ದೊಡ್ಡ ಬೋಗುಣಿ, ಅದರ ಮೇಲೆ ಒದ್ದೆ ಬಟ್ಟೆ. ಸೊಸೆ ಬಟ್ಟೆಯ ತುದಿ ಹಿಡಿದು, ಎತ್ತಲೋ ಬೇಡವೋ ಎಂದು ಒಂದು ಗಳಿಗೆ ನಿಂತಳು.

"ನನಗೆ ತಿಳೀತಿಲ್ಲ ಅತ್ತೆ. ಆಯ್ತು ಅನ್ಸುತ್ತೆ. ಒತ್ತಿ ನೋಡ್ತೀರಾ? ಒಂದೇ ಬೆರಳು."

ಎಷ್ಟೋ ವರ್ಷಗಳಿಂದ ಹಿಟ್ಟು ಮುಟ್ಟಿದ ಕೈ ಅದು. ಯಾರೂ ಕೇಳಿ ಮುಟ್ಟಿಸಿರಲಿಲ್ಲ. ಬೇಕರಿಯಮ್ಮ ಬೆರಳನ್ನು ಸೆರಗಿಗೆ ಒರೆಸಿದರು, ಹಸಿರು ಪೂರ್ತಿ ಹೋಗಲಿಲ್ಲ, ಇನ್ನೊಮ್ಮೆ ಒರೆಸಿದರು. ಬಟ್ಟೆ ಸರಿಯಿತು. ಬೋಗುಣಿಯ ಅಂಚು ದಾಟಿ, ನಿದ್ದೆಯ ಮಗುವಿನ ಕೆನ್ನೆಯಂತೆ ಹಿಟ್ಟು ಉಬ್ಬಿ ನಿಂತಿತ್ತು. ಅವರು ಒತ್ತಿದರು. ಗುಳಿ ಬಿತ್ತು. ಇಬ್ಬರೂ ಅದರ ಮೇಲೆ ಬಗ್ಗಿ ನೋಡಿದರು. ಗುಳಿ ಅವಸರವಿಲ್ಲದೆ ಮೆಲ್ಲಮೆಲ್ಲಗೆ ಮೇಲೆ ಬಂತು, ಹೇಗೆ ಬರಬೇಕೋ ಹಾಗೆ.

ಬಾಗಿಲ ಸಂದಿಯಲ್ಲಿ ಒಂದರ ಮೇಲೊಂದು ಮೂರು ಮುಖಗಳು ಕಂಡವು.

"ಬಂತಾ?" ಎಂದು ಮೂರೂ ಒಟ್ಟಿಗೆ ಕೇಳಿದವು.